ಕುಶಾಲನಗರದಲ್ಲಿ ನಾನು ಕೊಂಡ ‘31 ಸಾವಿರ ಕಿ.ಮೀ.’ ಟರ್ಬೊ ಕಾರು: ನೀವು ಮೋಸ ಹೋಗಬೇಡಿ

ಕಳೆದ ಮಾರ್ಚ್‌ನಲ್ಲಿ ಕಾಫಿ ಕುಯ್ಲು ಮುಗಿದು, ಕಾಳುಮೆಣಸಿನ ದುಡ್ಡೂ ಕೈಗೆ ಬಂದಿತ್ತು. ಆಗಲೇ ವಾಟ್ಸಾಪಿನಲ್ಲಿ ಒಂದು ಜಾಹೀರಾತು ಬಂತು. ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2006ರ ಗಾಡಿ, ಹಳದಿ ಬಣ್ಣ, ಓಡಿರುವುದು 31 ಸಾವಿರ ಕಿಲೋಮೀಟರ್ ಮಾತ್ರ, ಬೆಲೆ 4 ಲಕ್ಷ 80 ಸಾವಿರ.

ಈ ಕಾರು ನಮ್ಮ ದೇಶಕ್ಕೆ ಬಂದಿದ್ದು 2004ರಲ್ಲಿ. ಟರ್ಬೊ ಇರುವ 1.8 ಲೀಟರ್ ಪೆಟ್ರೋಲ್ ಇಂಜಿನ್, 150 ಅಶ್ವಶಕ್ತಿ. ಆಗ ನಾನು ಕಾಲೇಜು ಹುಡುಗ. ಮಡಿಕೇರಿಯಲ್ಲಿ ಒಬ್ಬರ ಹತ್ತಿರ ಒಂದಿತ್ತು. ಅದು ರಾಜಾಸೀಟ್ ಕಡೆ ಏರುವ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದೆ. ಇಪ್ಪತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದ ಆಸೆ ಅದು. ಮಾರುವವನು ಇಂಥ ಆಸೆಯನ್ನು ನಮ್ಮ ಮುಖ ನೋಡಿಯೇ ಗುರುತಿಸುತ್ತಾನೆ.

ಕುಶಾಲನಗರದಲ್ಲಿ ಈ ಕಾರು ಮಾರಲಿಟ್ಟವನು ಹೇಳಿದ ಕಥೆ ಹೀಗಿತ್ತು. ಪಾಲಿಬೆಟ್ಟದ ಕಡೆ ಒಂದು ಎಸ್ಟೇಟಿನ ಅಜ್ಜನ ಗಾಡಿ. “ಸಾರ್, ಅಜ್ಜ ಭಾನುವಾರ ಕ್ಲಬ್ಬಿಗೆ ಮಾತ್ರ ತೆಗೀತಿದ್ರು. ಉಳಿದ ದಿನ ಶೆಡ್ಡಿನಲ್ಲೇ. ಮಕ್ಕಳೆಲ್ಲ ಹೊರದೇಶದಲ್ಲಿದ್ದಾರೆ, ಅದಕ್ಕೇ ಕೊಡ್ತಾ ಇರೋದು.” ಕೊಡಗಿನಲ್ಲಿ ಇಂಥ ಅಜ್ಜಂದಿರು ನಿಜವಾಗಿಯೂ ಇದ್ದಾರೆ, ಇಂಥ ಶೆಡ್ಡುಗಳೂ ಇವೆ. ಅದಕ್ಕೇ ಕಥೆ ನಂಬುವಂತಿತ್ತು. ನಾನು ಒಂದು ಲೆಕ್ಕ ಹಾಕಬೇಕಿತ್ತು. ಸುಮಾರು ಹದಿನೆಂಟು ವರ್ಷಕ್ಕೆ 31 ಸಾವಿರ ಅಂದರೆ ವರ್ಷಕ್ಕೆ 1,700. ಪಾಲಿಬೆಟ್ಟದಿಂದ ಮೈಸೂರಿಗೆ ಹೋಗಿ ಬಂದರೇ ಹತ್ತಿರಹತ್ತಿರ 200 ಆಗುತ್ತದೆ. ಆಸ್ಪತ್ರೆ, ಮದುವೆ, ಬ್ಯಾಂಕು ಅಂತ ತಿರುಗುವ ಮನೆಯಲ್ಲಿ ಈ ಲೆಕ್ಕ ಕೂಡುವುದೇ ಇಲ್ಲ.

ನಾನು ಹೋದಾಗ ಬಾನೆಟ್ ಮುಟ್ಟಿದರೆ ಬಿಸಿ ಇತ್ತು. “ನೀವು ಬರ್ತೀರಿ ಅಂತ ಸ್ಟಾರ್ಟ್ ಮಾಡಿಟ್ಟಿದ್ದೆ” ಅಂದ. ಎಷ್ಟು ಮುತುವರ್ಜಿ ಅಂದುಕೊಂಡೆ. ತಣ್ಣಗಿರುವ ಇಂಜಿನ್ ಚಾಲೂ ಮಾಡಿದಾಗ ಆಯಿಲ್ ಸುಟ್ಟು ಬರುವ ನೀಲಿ ಹೊಗೆ ನನ್ನ ಕಣ್ಣಿಗೆ ಬೀಳಬಾರದು ಅನ್ನುವುದೇ ಆ ಮುತುವರ್ಜಿಯ ಉದ್ದೇಶ. ಓಡಿಸಿ ನೋಡಲು ಕೊಟ್ಟಿದ್ದು ಕೊಪ್ಪ ಸೇತುವೆ ದಾಟಿ ಬೈಲುಕುಪ್ಪೆ ಕಡೆಗೆ, ಸಮತಟ್ಟಾದ ರಸ್ತೆಯಲ್ಲಿ. “ಮಡಿಕೇರಿ ಕಡೆ ಸುಂಟಿಕೊಪ್ಪ ದಾಟಿ ಏರಿನಲ್ಲಿ ಹೋಗಿ ಬರೋಣ” ಅಂದೆ. ಪೆಟ್ರೋಲ್ ಕಡಿಮೆ ಇದೆ ಅಂದ. ಪೆಟ್ರೋಲ್ ನಾನೇ ಹಾಕಿಸುತ್ತೇನೆ ಅನ್ನುವ ಒಂದು ಮಾತು ಬಾಯಿಗೆ ಬರಲಿಲ್ಲ.

ಸೀಟ್ ಕವರ್ ಹೊಸದು, ಸ್ಟೀರಿಂಗ್ ಕವರ್ ಹೊಸದು, ನಾಲ್ಕೂ ಟೈರ್ ಹೊಸದು. ಆದರೆ ಬ್ರೇಕ್ ಪೆಡಲಿನ ರಬ್ಬರು ಮಾತ್ರ ಹಳೆಯದು. ಗೀರುಗಳೆಲ್ಲ ಸವೆದು, ಬಲತುದಿ ಕಲ್ಲಿನ ಹಾಗೆ ನುಣ್ಣಗಾಗಿತ್ತು. ಡಿಕ್ಕಿಯಲ್ಲಿದ್ದ ಸ್ಟೆಪ್ನಿಯೂ ಪೂರ್ತಿ ಸವೆದಿತ್ತು. ಎರಡನ್ನೂ ನೋಡಿದೆ. ನೋಡಿಯೂ ಹಣ ಕೊಟ್ಟೆ.

ಆವತ್ತು ಸಂಜೆಯೇ ಮನೆಗೆ ಹೊರಟೆ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ಅಷ್ಟರಲ್ಲಿ ರಸ್ತೆ ಹತ್ತಿರಹತ್ತಿರ 300 ಮೀಟರ್ ಏರುತ್ತದೆ. ಆನೆಕಾಡು ದಾಟುವವರೆಗೆ ಸ್ವರ್ಗ. ಸುಂಟಿಕೊಪ್ಪ ಕಳೆದು ಏರು ಸಿಕ್ಕಿದ ಮೇಲೆ ಸೈರನ್‌ನಂಥ ಕಿರುಚಲು ಶುರುವಾಯಿತು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಬಸ್ಸು ಕಾಣದಷ್ಟು ನೀಲಿ ಹೊಗೆ. ಬೋಯಿಕೇರಿ ಹತ್ತಿರ ಆಯಿಲಿನ ಕೆಂಪು ದೀಪ ಹತ್ತಿ ಬೀಪ್ ಬೀಪ್ ಅನ್ನತೊಡಗಿತು. ಆ ಕ್ಷಣವೇ ಬದಿಗೆ ಹಾಕಿ ಇಂಜಿನ್ ಆರಿಸಿದೆ. ನಿಮಗೂ ಆ ದೀಪ ಹತ್ತಿದರೆ ಮುಂದಿನ ತಿರುವಿನವರೆಗೂ ಹೋಗಬೇಡಿ, ಅಲ್ಲೇ ಬದಿಗೆ ಹಾಕಿ ಆರಿಸಿ.

ಟರ್ಬೊ ಒಳಗೆ ಒಂದೇ ದಂಡಕ್ಕೆ ಎರಡು ಚಕ್ರ. ಇಂಜಿನ್ನಿನಿಂದ ಹೊರಬರುವ ಹೊಗೆಯ ರಭಸಕ್ಕೆ ಒಂದು ತಿರುಗಿದರೆ, ಇನ್ನೊಂದು ಇಂಜಿನ್ನಿಗೆ ಗಾಳಿ ಒತ್ತುತ್ತದೆ. ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುವ ಆ ದಂಡವನ್ನು ಹಿಡಿದಿರುವುದು ತೆಳ್ಳನೆಯ ಒಂದು ಪದರ ಆಯಿಲ್. ಆಯಿಲ್ ಹಾಳಾದರೆ ಟರ್ಬೊ ಹಾಳು. ಸಮತಟ್ಟು ರಸ್ತೆಯಲ್ಲಿ ಮೆಲ್ಲಗೆ ಹೋಗುವಾಗ ಅದಕ್ಕೆ ಹೆಚ್ಚು ಕೆಲಸವಿಲ್ಲ, ರೋಗ ಅಡಗಿರುತ್ತದೆ. ಏರಿನಲ್ಲಿ ಕಾಲು ಒತ್ತಿದಾಗ ಹೊರಬರುತ್ತದೆ.

ನಮ್ಮ ಮೆಕ್ಯಾನಿಕ್ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಸಂಪು ಬಿಚ್ಚಿ ನನ್ನನ್ನು ಕರೆದ. ತಳದಲ್ಲಿ ಡಿಕಾಕ್ಷನ್ ಚರಟದಂಥ ಕಪ್ಪು ರಾಡಿ, ಬೆರಳಿಗೆ ಅಂಟಿದರೆ ಬಿಡದು. ಆಯಿಲ್ ಎಳೆಯುವ ಜಾಲರಿ ಮುಕ್ಕಾಲು ಭಾಗ ಕಟ್ಟಿಹೋಗಿತ್ತು. ಆಮೇಲೆ ವಾಲ್ವುಗಳ ತಾಳ ಹಿಡಿದಿಡುವ ಟೈಮಿಂಗ್ ಬೆಲ್ಟಿನ ಮುಚ್ಚಳ ಒರೆಸಿ, “ಅಣ್ಣಾ, ಇಲ್ಲಿ ಓದಿ” ಅಂದ. ಮಾಸಿದ ಸಣ್ಣ ಸ್ಟಿಕ್ಕರ್. ಬಾಲ್‌ಪೆನ್ನಿನಲ್ಲಿ ಬರೆದ ಅಂಕಿ: 94,600. ಪಕ್ಕದಲ್ಲಿ 2011. ಬೆಲ್ಟ್ ಬದಲಿಸಿದವರು ಯಾರೋ ಪ್ರಾಮಾಣಿಕವಾಗಿ ಬರೆದಿಟ್ಟಿದ್ದರು. ಮೀಟರಿನ ಅಂಕಿ ಇಳಿಸಿದವನಿಗೆ ಅದು ಕಂಡಿರಲಿಲ್ಲ.

ಇಷ್ಟಕ್ಕೆಲ್ಲ ಕಾರನ್ನು ದೂರುವುದಿಲ್ಲ. ಹೊತ್ತುಹೊತ್ತಿಗೆ ಆಯಿಲ್ ಬದಲಿಸಿದ್ದರೆ ಈ ಇಂಜಿನ್ ಇವತ್ತಿಗೂ ಹಾಡುತ್ತಿತ್ತು. ಟರ್ಬೊ, ಬೇರಿಂಗು, ಹೆಡ್ ಕೆಲಸ ಸೇರಿ ರಿಪೇರಿಗೆ 2 ಲಕ್ಷ 30 ಸಾವಿರ ಹೇಳಿದ್ದಾರೆ.

ಮಾರಿದವನ ಹತ್ತಿರ ಹೋದರೆ ನಾನು ಸಹಿ ಮಾಡಿದ ಡೆಲಿವರಿ ನೋಟ್ ತೋರಿಸಿದ. ‘ಇದ್ದ ಸ್ಥಿತಿಯಲ್ಲಿ ಒಪ್ಪಿಕೊಂಡಿದ್ದೇನೆ’ ಅಂತ ಅದರಲ್ಲಿತ್ತು. ಕಿಲೋಮೀಟರ್ ಎಷ್ಟು ಅನ್ನುವ ಜಾಗ ಖಾಲಿ. ದಯವಿಟ್ಟು ಆ ಜಾಗ ತುಂಬಿಸದೆ ಸಹಿ ಹಾಕಬೇಡಿ. ಪುಣ್ಯಕ್ಕೆ ಜಾಹೀರಾತಿನ ಸ್ಕ್ರೀನ್‌ಶಾಟ್ ಉಳಿದಿತ್ತು. ಅದನ್ನೂ ಸ್ಟಿಕ್ಕರಿನ ಫೋಟೊವನ್ನೂ ಇಟ್ಟು ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು.

ಹಳೇ ಟರ್ಬೊ ಗಾಡಿ ನೋಡುವವರು ಚಾಸಿ ನಂಬರ್ ಹಿಡಿದು ಹಳೆಯ ಸರ್ವಿಸ್ ದಾಖಲೆ ಕೇಳಿ. ಆರ್‌ಸಿಯಲ್ಲಿ ಎಷ್ಟನೇ ಮಾಲೀಕ, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ) ಯಾವಾಗ ಮುಗಿಯುತ್ತದೆ, ಸಾಲ ಬಾಕಿ ಇದೆಯೇ ಅನ್ನುವುದನ್ನು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೀವೇ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 1223 ಅಂದರೆ 2023ರ ಹನ್ನೆರಡನೇ ವಾರ ಮಾಡಿದ್ದು. ಟೈರ್ ಹೊಸದಾಗಿದ್ದರೆ, 31 ಸಾವಿರಕ್ಕೇ ನಾಲ್ಕನ್ನೂ ಯಾಕೆ ಬದಲಿಸಬೇಕಾಯಿತು ಅಂತ ಕೇಳಿ. ಮೀಟರ್ ಸುಳ್ಳಲ್ಲ ಅಂತ ಖಾತ್ರಿಯಾದರೂ ಟೈಮಿಂಗ್ ಬೆಲ್ಟ್ ಯಾವ ವರ್ಷದ್ದು ಅಂತ ಕೇಳಲೇಬೇಕು. ಗಾಡಿ ನಿಂತಿದ್ದರೂ ರಬ್ಬರು ಹಳತಾಗುತ್ತದೆ, ಓಡುವಾಗ ತುಂಡಾದರೆ ಈ ಇಂಜಿನ್ನಿನ ವಾಲ್ವುಗಳೆಲ್ಲ ಬಾಗುತ್ತವೆ. ನಮ್ಮ ಮಳೆಗಾಲದಲ್ಲಿ ಶೆಡ್ಡಿನಲ್ಲೇ ನಿಂತ ಗಾಡಿಗೆ ಬೂಷ್ಟು, ತುಕ್ಕು, ಇಲಿ ಕಡಿದ ವೈರು ಬೇರೆ.

ಮೊನ್ನೆ ವಿರಾಜಪೇಟೆಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಅದೇ ಜಾಗದಲ್ಲಿ ಇನ್ನೊಂದು ಟರ್ಬೊ ಗಾಡಿ ನಿಂತಿದೆಯಂತೆ, ಈ ಸಲ 22 ಸಾವಿರ ಕಿಲೋಮೀಟರ್, ಇನ್ನೊಬ್ಬ ಅಜ್ಜ. ಶನಿವಾರ ನೋಡಲು ಹೋಗುತ್ತಾನೆ. ಹೇಳದೆ ಬೆಳಿಗ್ಗೆ ಆರಕ್ಕೇ ಹೋಗು, ಮೊದಲು ಬಾನೆಟ್ ಮೇಲೆ ಕೈ ಇಡು, ಐದು ಲೀಟರ್ ಪೆಟ್ರೋಲ್ ಕ್ಯಾನಿನಲ್ಲಿ ತೆಗೆದುಕೊಂಡು ಹೋಗು ಅಂದಿದ್ದೇನೆ. ನಮ್ಮ ಮೆಕ್ಯಾನಿಕ್ ಜೊತೆಗೆ ಬರಲು ಒಪ್ಪಿದ್ದಾನೆ. ನಾನು ಬೋಯಿಕೇರಿ ಏರಿನಲ್ಲಿ ನಿಂತಿರುತ್ತೇನೆ.