ಓಡುವವರ ಕಾಲಿಗೆ ಕಸುವು ಕೊಡುವ ಕ್ಲಾಸ್, ತುಮಕೂರು

ತುಮಕೂರಿನಲ್ಲಿ ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಹತ್ತಿರ ಒಂದು ಮಹಡಿಯ ಮೇಲೆ ಬೆಳಿಗ್ಗೆ ಆರಕ್ಕೆ ಈ ಕ್ಲಾಸ್ ನಡೆಯುತ್ತದೆ. ಓಡುವವರಿಗಾಗಿಯೇ ಇರುವುದು. ಮಂಗಳವಾರ, ಶುಕ್ರವಾರ ಎರಡೇ ದಿನ, ತಿಂಗಳಿಗೆ 1,200 ರೂಪಾಯಿ. ಭಾರ ಎಂದರೆ ನಮ್ಮ ಮೈಭಾರ ಅಷ್ಟೇ. ಹತ್ತು ಕಿಲೋಮೀಟರ್ ಆರಾಮವಾಗಿ ಓಡುವವರು ಕಣ್ಣು ಮುಚ್ಚಿಕೊಂಡು ಸೇರಬಹುದು.

ನಾನು ಸೇರಿದ್ದು ದೇವರಾಯನದುರ್ಗ ಬೆಟ್ಟದ ಇಳಿಜಾರಿಗಾಗಿ. ಅಮಾನಿಕೆರೆ ಹತ್ತಿರ ಎಷ್ಟು ಓಡಿದರೂ ಏನೂ ಆಗುತ್ತಿರಲಿಲ್ಲ. ದುರ್ಗವನ್ನೂ ಹೇಗೋ ಹತ್ತಿಬಿಡುತ್ತಿದ್ದೆ. ಇಳಿದು ಬಂದ ಮಾರನೇ ದಿನ ಮಾತ್ರ ಬ್ಯಾಂಕಿನ ಮೆಟ್ಟಿಲು ಇಳಿಯುವುದಕ್ಕೆ ಕಂಬಿ ಹಿಡಿಯಬೇಕಿತ್ತು. ಕಾರಣವನ್ನು ಕೋಚ್ ಮೇಡಂ ಮೊದಲ ದಿನವೇ ಬಿಡಿಸಿ ಹೇಳಿದರು. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಮೈಭಾರ ತಡೆದುಕೊಂಡೇ ಹಿಗ್ಗಬೇಕು. ಜಾಸ್ತಿ ನೋವು ತರುವುದು ಈ ಹಿಗ್ಗುವ ಕೆಲಸವೇ.

ಹಾಗಾಗಿ ಇಲ್ಲಿ ಪೂರ್ತಿ ಗಮನ ಇಳಿಯುವುದರ ಮೇಲೆ. ಕಿಟಕಿ ಸರಳಿಗೆ ಟವೆಲ್ ಸುತ್ತಿ, ಎರಡು ತುದಿ ಹಿಡಿದು, ಒಂದು ಕಾಲು ಮುಂದೆ ಚಾಚಿ ಇನ್ನೊಂದೇ ಕಾಲಲ್ಲಿ ಬಸ್ಕಿ. ಇದೇ ಪಿಸ್ತೂಲ್ ಸ್ಕ್ವಾಟ್. ಕೆಳಗೆ ಮುಟ್ಟುವಷ್ಟರಲ್ಲಿ ಮೇಡಂ ಐದರವರೆಗೆ ಎಣಿಸಿರಬೇಕು. "ಇಳಿಯೋದು ನನ್ನ ಲೆಕ್ಕ, ಏಳೋದು ನಿಮ್ಮಿಷ್ಟ" ಅನ್ನುತ್ತಾರೆ. ಮಂಡಿ ಒಳಗೆ ವಾಲಿತೋ, ಎಣಿಕೆ ಅಲ್ಲೇ ನಿಲ್ಲುತ್ತದೆ. ಬಂದು ಟವೆಲ್ಲನ್ನು ಒಂದು ಗೇಣು ಹತ್ತಿರ ಹಿಡಿಸಿ ಮತ್ತೆ ಒಂದರಿಂದ ಶುರು ಮಾಡಿಸುತ್ತಾರೆ. ಮಂಡಿ ನೆಟ್ಟಗೆ ನಿಂತ ಮೇಲೆಯೇ ಟವೆಲ್ ಬಿಡಲು ಒಪ್ಪಿಗೆ. ಈ ತಾಳ್ಮೆ ನನಗೆ ತುಂಬಾ ಹಿಡಿಸಿತು.

ನಾರ್ಡಿಕ್ ಅಂತ ಇನ್ನೊಂದಿದೆ. ಮಡಿಸಿದ ಕಂಬಳಿ ಮೇಲೆ ಮಂಡಿಯೂರಬೇಕು, ಜೊತೆಯವರು ಹಿಮ್ಮಡಿ ಒತ್ತಿ ಹಿಡಿಯುತ್ತಾರೆ. ಸೊಂಟ ಮುರಿಯದೆ ಮೈಯನ್ನು ಮುಂದಕ್ಕೆ ನಿಧಾನವಾಗಿ ಬಿಡಬೇಕು. ತೊಡೆಯ ಹಿಂಭಾಗಕ್ಕೆ ಇದಕ್ಕಿಂತ ಕಠಿಣವಾದದ್ದನ್ನು ನಾನು ಕಂಡಿಲ್ಲ.

ಹಿಮ್ಮಡಿಯ ಹಿಂದಿನ ಅಕಿಲಿಸ್ ಸ್ನಾಯುರಜ್ಜುವಿನಲ್ಲಿ ನೋವಿರುವವರಿಗೆ ಮೆಟ್ಟಿಲಂಚಲ್ಲಿ ನಿಂತು ಹಿಮ್ಮಡಿ ಇಳಿಸುವ ಅಭ್ಯಾಸ. ಸ್ವೀಡನ್ನಿನ ವೈದ್ಯ ಹೋಕನ್ ಆಲ್ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ ಪದ್ಧತಿ ಇದು. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸುತ್ತು, ಮಂಡಿ ಬಗ್ಗಿಸಿ ಮೂರು ಸುತ್ತು, ದಿನಕ್ಕೆ ಎರಡು ಸಲ, 12 ವಾರ. ಕ್ಲಾಸಲ್ಲಿ ಕಲಿಸುತ್ತಾರೆ, ಮಾಡುವುದು ಮನೆಯಲ್ಲೇ.

ಕೊರತೆಯೂ ಇದೆ. ನೆಲ ಬರೀ ಸಿಮೆಂಟು. ಅದರ ಮೇಲೆ ಒಂಟಿ ಕಾಲಲ್ಲಿ ನೆಗೆಸುವುದು ನನಗೆ ಸರಿ ಕಾಣಲಿಲ್ಲ. ನೆಗೆಯುವುದನ್ನಾದರೂ ಮಣ್ಣಿನ ಮೈದಾನಕ್ಕೆ ಒಯ್ಯಬೇಕು. ಈಗೀಗ ಹೊಸಬರನ್ನೂ ಇದೇ ಬ್ಯಾಚಿಗೆ ಸೇರಿಸುತ್ತಿದ್ದಾರೆ. ಎಲ್ಲರ ಮಂಡಿಯನ್ನೂ ಒಬ್ಬರೇ ಎಷ್ಟು ಅಂತ ನೋಡುತ್ತಾರೆ, ಅಲ್ವಾ? ಓಟ ಈಗಷ್ಟೇ ಶುರು ಮಾಡಿದವರು ಮೊದಲು ಎರಡು ಕಾಲಿನ ಬಸ್ಕಿ ಗಟ್ಟಿ ಮಾಡಿಕೊಂಡು ಬಂದರೆ ಒಳ್ಳೆಯದು.

ಈಗ ದುರ್ಗ ಇಳಿದ ಮಾರನೇ ದಿನ ನನಗೆ ಕಂಬಿ ಬೇಕಿಲ್ಲ. ಒಂದು ಮಾತು: ಭಾನುವಾರ ಬೆಟ್ಟ ಓಡುವವರು ಶುಕ್ರವಾರದ ನಾರ್ಡಿಕ್ ಕಡಿಮೆ ಮಾಡಿಸಿ ಅಂತ ಮೊದಲೇ ಕೇಳಿ. ಆ ನೋವು ಒಂದೆರಡು ದಿನ ಬಿಟ್ಟೇ ಜೋರಾಗುವುದು. ಹೇಳಿದರೆ ಮೇಡಂ ಖಂಡಿತ ಒಪ್ಪುತ್ತಾರೆ.