ಬೀಜದ ಕವರ್ ತೆಗೆದುಕೊಳ್ಳುವ ಮೊದಲು ತಾಯಿ ಗಿಡದ ಬಗ್ಗೆ ಕೇಳಿ

ಮಳೆ ಬಿಟ್ಟಿತು. ಉಡುಪಿ, ಮಂಗಳೂರು ಕಡೆ ಟೆರೇಸಿನಲ್ಲಿ, ಅಂಗಳದಲ್ಲಿ ಟೊಮೆಟೊ ಬೆಳೆಸುವವರೆಲ್ಲ ಈಗ ಬೀಜ ಹುಡುಕುತ್ತಿರುತ್ತಾರೆ. ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುವ ಸಮಯ ಇದು. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಕಳೆದ ವರ್ಷ ಹೀಗೆ ತಂದ ಒಂದು ಕವರ್ ಬೀಜದಿಂದಾಗಿ 32 ಗಿಡ ಕಿತ್ತು ಸುಟ್ಟೆ. ಅದರಲ್ಲಿ 14 ಗಿಡ ನನ್ನ ದೊಡ್ಡಮ್ಮನ ಟೊಮೆಟೊ.

ದೊಡ್ಡಮ್ಮನ ಟೊಮೆಟೊ ಅಂದರೆ ಶಿರ್ವದ ಮನೆಯ ಹಿತ್ತಲಲ್ಲಿ ಇದ್ದದ್ದು. ಸಣ್ಣ ಹಣ್ಣು, ಸ್ವಲ್ಪ ಚಪ್ಪಟೆ, ಮೇಲೆ ಚೀನಿಕಾಯಿಯ ಹಾಗೆ ಗೆರೆ, ತೆಳು ಸಿಪ್ಪೆ. ಹುಳಿ ಜಾಸ್ತಿ, ಸಾರಿಗೆ ಎರಡು ಹಾಕಿದರೆ ಹುಣಸೆಹುಳಿ ಬೇಕಿಲ್ಲ. ಅದಕ್ಕೊಂದು ಹೆಸರಿಲ್ಲ, ನಾವು ಊರ ಟೊಮೆಟೊ ಅಂತಲೇ ಹೇಳುವುದು. ಗಿಡದಲ್ಲಿ ಎಲ್ಲಕ್ಕಿಂತ ಚೆಂದದ ಗೊಂಚಲು ನೋಡಿ, ಅದಕ್ಕೆ ಹಳೆ ಸೀರೆಯ ಅಂಚಿನ ಚೂರು ಕಟ್ಟಿಡುತ್ತಿದ್ದರು ದೊಡ್ಡಮ್ಮ. "ಅದು ಬೀಜಕ್ಕೆ, ಮುಟ್ಟಬೇಡಿ ಮಕ್ಕಳೇ" ಅನ್ನುತ್ತಿದ್ದರು. ಆ ಬಟ್ಟೆ ಕಂಡರೆ ನಾವು ಹಣ್ಣಿನ ಹತ್ತಿರವೂ ಹೋಗುತ್ತಿರಲಿಲ್ಲ. ಸೌತೆ ಬೀಜವನ್ನು ಬೂದಿ ಹಚ್ಚಿ ಗೋಡೆಗೆ ಅಂಟಿಸುತ್ತಿದ್ದರಲ್ಲ, ಟೊಮೆಟೊ ಬೀಜವನ್ನೂ ಬೂದಿಯಲ್ಲಿ ಉಜ್ಜಿ ಒಣಗಿಸಿ ಬಚ್ಚಲಿನ ಒಲೆಯ ಮೇಲೆ ಕಟ್ಟಿಡುತ್ತಿದ್ದರು. ದೊಡ್ಡಮ್ಮ ಈಗ ಇಲ್ಲ. ಅವರು ಕೊಟ್ಟ ಬೀಜದಿಂದ ಕಟಪಾಡಿಯ ನಮ್ಮ ಮನೆಯಲ್ಲಿ 9 ವರ್ಷ ಆ ಗಿಡ ನಡೆಸಿಕೊಂಡು ಬಂದಿದ್ದೆ.

ಕಳೆದ ಅಕ್ಟೋಬರಿನಲ್ಲಿ ಉಡುಪಿಯಲ್ಲಿ ಒಬ್ಬರ ಮನೆಯಲ್ಲಿ ನಾವು ಹತ್ತು ಹನ್ನೆರಡು ಮಂದಿ ಸೇರಿದ್ದೆವು. ಎಲ್ಲರೂ ಮನೆ ಮಟ್ಟಿಗೆ ತರಕಾರಿ ಬೆಳೆಸುವವರು. ಮೇಜಿನ ಮೇಲೆ ಹರಿವೆ, ಅಲಸಂಡೆ, ಬೆಂಡೆ, ಟೊಮೆಟೊ ಬೀಜಗಳ ಕವರ್ ರಾಶಿ. ದೊಡ್ಡಮ್ಮನ ಟೊಮೆಟೊ ಬೀಜ 9 ಜನಕ್ಕೆ ಹಂಚಿದೆ. ಖುಷಿಯಲ್ಲಿ ಕೊಡುತ್ತಾ ಹೋದೆ, ಕೊನೆಗೆ ನನ್ನ ಹತ್ತಿರ ಉಳಿದದ್ದು ಒಂದು ಚಿಟಿಕೆ. ಅಷ್ಟನ್ನೂ ಆ ವಾರವೇ ಬಿತ್ತಿಬಿಟ್ಟೆ. ಡಬ್ಬದಲ್ಲಿ ಒಂದು ಬೀಜವೂ ಇಟ್ಟುಕೊಳ್ಳಲಿಲ್ಲ. ನಾನು ಮಾಡಿದ ದೊಡ್ಡ ತಪ್ಪು ಇದು.

ಅಲ್ಲಿಂದ ನಾನು ತಂದ ಟೊಮೆಟೊ ಕವರ್ ಎರಡು. ಒಂದರ ಮೇಲೆ "ನಾಟಿ, ದೊಡ್ಡದು" ಅಂತ ಮಾತ್ರ ಬರೆದಿತ್ತು. ಕೊಟ್ಟ ಅಕ್ಕ ನನಗೆ ಗುರುತಿನವರೇ, ಕೈ ತುಂಬ ಕೊಡುವ ಸ್ವಭಾವ. "ಹೇಗುಂಟಕ್ಕ ಇದು?" ಅಂತ ಕೇಳಿದೆ. "ಒಳ್ಳೆದುಂಟು, ತಕೊಂಡು ಹೋಗಿ" ಅಂದರು. ಅಷ್ಟೇ ಮಾತು. ಯಾವ ಗಿಡದ್ದು, ಗಿಡ ಹೇಗಿತ್ತು, ಯಾವಾಗ ತೆಗೆದದ್ದು, ಏನೂ ಕೇಳಲಿಲ್ಲ. ಅಷ್ಟು ಪ್ರೀತಿಯಿಂದ ಕೊಡುವಾಗ ಹಾಗೆಲ್ಲ ಕೇಳಲು ಸಂಕೋಚ ಆಗುತ್ತದೆ ಅಲ್ವಾ? ಈಗ ನಾನು ಹೇಳುವುದು ಇಷ್ಟೇ, ಸಂಕೋಚ ಬಿಟ್ಟು ಕೇಳಿ.

ಸಸಿ ಚೆನ್ನಾಗಿಯೇ ಬಂತು. ನವೆಂಬರಿನಲ್ಲಿ ಗ್ರೋ ಬ್ಯಾಗಿಗೆ ಹಾಕಿದೆ, ಅಕ್ಕನ ಬೀಜದ್ದು 10, ಇನ್ನೊಂದು ಕವರಿನದ್ದು 8, ದೊಡ್ಡಮ್ಮನದ್ದು 14. ಅಕ್ಕನ ಬೀಜದ ಸಸಿ ಹೆಚ್ಚಾಗಿತ್ತು ಅಂತ ಅಕ್ಕಪಕ್ಕದ ಮನೆಗಳಿಗೆ 6 ಕೊಟ್ಟೆ. ತಿಂಗಳ ಕೊನೆಗೆ ಆ 10 ಗಿಡಗಳಲ್ಲಿ ಮೂರರ ಎಲೆಯಲ್ಲಿ ಬಣ್ಣ ವ್ಯತ್ಯಾಸ ಕಂಡಿತು. ಒಂದೇ ಎಲೆಯಲ್ಲಿ ಕಡು ಹಸಿರು, ಪಕ್ಕದಲ್ಲೇ ತಿಳಿ ಹಸಿರು, ಬೆಳಕಿಗೆ ಹಿಡಿದರೆ ಚಾಪೆ ನೆಯ್ದ ಹಾಗೆ ತೇಪೆ ತೇಪೆ. ಗೊಬ್ಬರ ಸಾಲಲಿಲ್ಲ ಅಂದುಕೊಂಡೆ. ನೆಲಗಡಲೆ ಹಿಂಡಿ ನೆನೆಸಿ ಹಾಕಿದೆ. ಮತ್ತೆ ದಿನಾ ಬೆಳಗ್ಗೆ ಮಾಡುವ ಕೆಲಸ ಮಾಡುತ್ತಾ ಹೋದೆ. ಎಲೆಯ ಕಂಕುಳಲ್ಲಿ ಬರುವ ಚಿಗುರನ್ನು ಉಗುರಿನಲ್ಲಿ ಚಿವುಟುವುದು, ಒಂದು ಬ್ಯಾಗಿನಿಂದ ಇನ್ನೊಂದಕ್ಕೆ, ಸಾಲು ಮುಗಿಯುವವರೆಗೆ. ಬೆರಳೆಲ್ಲ ಹಸಿರಾಗಿ, ಟೊಮೆಟೊ ವಾಸನೆ ಬರುತ್ತಿತ್ತು. ಆ ಹಸಿರು ರಸದಲ್ಲೇ ರೋಗ ಇತ್ತು.

ಡಿಸೆಂಬರ್ ಮುಗಿಯುವಾಗ ದೊಡ್ಡಮ್ಮನ ಗಿಡಗಳಲ್ಲೂ ಅದೇ ತೇಪೆ. ಹೊಸ ಎಲೆಗಳು ಸಪೂರವಾಗಿ, ಜರಿಗಿಡದ ಎಲೆಯ ಹಾಗೆ ಎಳೆ ಎಳೆ ಆಗಿ ಬಂದವು. ಕಾಯಿ ಕೊಯ್ದು ನೋಡಿದರೆ ಒಳಗೆ ಗೋಡೆಯೆಲ್ಲ ಕಂದು. ಎರಡು ಕೊಂಬೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಕೊಂಡು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆ. ಮೊಸಾಯಿಕ್ ವೈರಸ್ಸಿನ ಲಕ್ಷಣ ಅಂದರು. ಬಿಳಿನೊಣದಿಂದ ಬರುವ ಎಲೆ ಮುರುಟು ರೋಗ ಬೇರೆ, ಅದರಲ್ಲಿ ಎಲೆ ಮೇಲಕ್ಕೆ ದೋಣಿಯ ಹಾಗೆ ಮಡಚಿಕೊಳ್ಳುತ್ತದೆ. ಇದು ಹಾಗಲ್ಲ. ಇದು ಬೀಜದ ಸಿಪ್ಪೆಗೆ ಅಂಟಿಕೊಂಡು ಬರುತ್ತದೆ, ಮತ್ತೆ ಕೈ, ಕತ್ತರಿ, ಬಟ್ಟೆ, ಕಟ್ಟುವ ಹಗ್ಗ, ಯಾವುದು ಗಿಡಕ್ಕೆ ತಾಗುತ್ತದೋ ಅದರಿಂದ ಹರಡುತ್ತದೆ. ಔಷಧ ಇಲ್ಲ. ಬಂದ ಗಿಡ ಕೀಳಬೇಕು, ಅಷ್ಟೇ ದಾರಿ. ಹಣ್ಣು ತಿಂದರೆ ಮನುಷ್ಯರಿಗೆ ಏನೂ ಆಗುವುದಿಲ್ಲ, ಅದೊಂದು ಸಮಾಧಾನ.

ಕೀಳಲು ಒಂದು ವಾರ ಮನಸ್ಸು ಬರಲಿಲ್ಲ.

ಆ ಅಕ್ಕನಿಗೆ ಫೋನ್ ಮಾಡಿದೆ. ಜಗಳಕ್ಕಲ್ಲ, ಅವರ ಹತ್ತಿರ ಇನ್ನೂ ಬೀಜ ಉಳಿದಿದ್ದರೆ ಬೇರೆಯವರಿಗೆ ಕೊಡುವುದು ಬೇಡ ಅಂತ ಹೇಳಲು. "ಅದು ಕಡೆಗೆ ಉಳಿದ ಹಣ್ಣಿನದ್ದು ಮಾರಾಯ್ರೆ. ಒಳ್ಳೆದೆಲ್ಲ ಪದಾರ್ಥಕ್ಕೆ ಆಯ್ತು. ಎಲೆ ಸ್ವಲ್ಪ ಮುರುಟಿತ್ತು, ಬಿಸಿಲಿಗೆ ಅಂತ ಮಾಡಿದೆ" ಅಂದರು. ಅವರಿಗೂ ತುಂಬಾ ಬೇಸರ ಆಯಿತು. ಇದು ಅವರೊಬ್ಬರ ಅಭ್ಯಾಸ ಅಲ್ಲ, ನಮ್ಮಲ್ಲಿ ಎಷ್ಟೋ ಮನೆಯಲ್ಲಿ ಹೀಗೇ ನಡೆಯುತ್ತದೆ. ಚೆಂದದ ಹಣ್ಣು ಅಡುಗೆಗೆ, ಗಿಡ ಸಾಯುವಾಗ ಉಳಿದ ನಾಲ್ಕು ಸೊರಗಿದ ಹಣ್ಣು ಬೀಜಕ್ಕೆ. ದೊಡ್ಡಮ್ಮನ ಸೀರೆ ಅಂಚಿನ ಚೂರು ಯಾಕೆ ಅಂತ ನನಗೆ ಅರ್ಥ ಆದದ್ದು ಆವತ್ತು. ಗಿಡ ಗಟ್ಟಿಯಿರುವಾಗಲೇ, ಎಲೆ ಕಾಯಿ ಎಲ್ಲ ಸರಿ ಇರುವಾಗಲೇ, ಬೀಜದ ಹಣ್ಣನ್ನು ಗುರುತು ಮಾಡಿ ಬಿಡಬೇಕು. ಆ ಹಣ್ಣು ಎಷ್ಟು ಆಸೆ ಹುಟ್ಟಿಸಿದರೂ ತಿನ್ನಬಾರದು.

ಫೋನಿಗಿಂತ ಕಷ್ಟ ಆದದ್ದು ಸಸಿ ಕೊಟ್ಟ ಮನೆಗಳಿಗೆ ಹೋಗುವುದು. ನಾನೇ ಕೈಯಾರೆ ರೋಗ ಕೊಟ್ಟಿದ್ದೆನಲ್ಲ. ಒಬ್ಬರು ಹಿರಿಯರು ಅದನ್ನು ಗುಳ್ಳದ, ಅಂದರೆ ಉರುಟು ಬದನೆಯ, ಸಾಲಿನ ಪಕ್ಕದಲ್ಲೇ ನೆಟ್ಟಿದ್ದರು. ನಾನು ಹೇಳಿದ್ದು ಕೇಳಿ ಏನೂ ಮಾತಾಡದೆ ಎರಡೂ ಗಿಡ ಬೇರು ಸಮೇತ ಕಿತ್ತು ನನ್ನ ಕೈಗೆ ಕೊಟ್ಟರು. ಬದನೆ, ಗುಳ್ಳ, ಮೆಣಸು ಎಲ್ಲ ಟೊಮೆಟೊದ್ದೇ ಕುಟುಂಬ. ನಮ್ಮ ಮನೆಯಿಂದ ಮಟ್ಟು ದೂರವಿಲ್ಲ. 2011ರಲ್ಲಿ ಜಿಐ ಟ್ಯಾಗ್ (ಆ ಊರಿನದ್ದೇ ಬೆಳೆ ಅನ್ನುವ ಸರ್ಕಾರಿ ಮಾನ್ಯತೆ) ಸಿಕ್ಕಿದ ಮಟ್ಟುಗುಳ್ಳ ಬೆಳೆಯುವ ಗದ್ದೆಗಳು ಅಲ್ಲಿವೆ. ಒಬ್ಬರು ತಿಳಿಯದೆ ಕೊಟ್ಟ ಸಸಿ ಕೈಯಿಂದ ಕೈಗೆ ಎಲ್ಲಿಯವರೆಗೆ ಹೋಗಬಹುದು ಅಂತ ನೆನೆಸಿದರೆ ಈಗಲೂ ಹೆದರಿಕೆ ಆಗುತ್ತದೆ.

ಇನ್ನೊಂದು ಕವರಿನ ಕಥೆಯನ್ನೂ ಹೇಳಬೇಕು. ಅದರ ಮೇಲೆ "ಊರ ಟೊಮೆಟೊ" ಅಂತ ಬರೆದಿತ್ತು. ಆ 8 ಗಿಡ ಒಂದೊಂದು ಒಂದೊಂದು ಥರ. ಒಂದರಲ್ಲಿ ಗೋಲಿಯಷ್ಟು ಕಾಯಿ, ಒಂದರಲ್ಲಿ ಉದ್ದ, ಒಂದು ಆಳೆತ್ತರ ಹೋದರೂ ಹೂ ಬಿಟ್ಟದ್ದು ನಾಲ್ಕೇ. ವಿಚಾರಿಸಿದರೆ ಅದು ಸಂತೆಯಿಂದ ತಂದ ಹಣ್ಣಿನ ಬೀಜ. ಪೇಟೆಯಲ್ಲಿ ಸಿಗುವ ಹಣ್ಣು ಹೆಚ್ಚಿನದ್ದು ಹೈಬ್ರಿಡ್. ಎರಡು ತಳಿ ಕೂಡಿಸಿ ಮಾಡಿದ ಮೊದಲ ತಲೆಮಾರು ಅದು, ಅದರ ಬೀಜ ಬಿತ್ತಿದರೆ ಅಪ್ಪನ ಗುಣ ಅಮ್ಮನ ಗುಣ ಹೇಗೆಂದರೆ ಹಾಗೆ ಹಂಚಿಹೋಗುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಒಳ್ಳೆಯ ತಳಿ, ಮೂರು ರೋಗ ತಡೆಯುತ್ತದೆ, ಆದರೆ ಅದೂ ಹೈಬ್ರಿಡ್. ಅದರ ಹಣ್ಣಿನಿಂದ ಬೀಜ ತೆಗೆದು "ಅರ್ಕಾ ರಕ್ಷಕ್" ಅಂತ ಬರೆದು ಕೊಟ್ಟರೆ ತೆಗೆದುಕೊಂಡವರಿಗೆ ಮೋಸ ಆದ ಹಾಗೆ. ಬೀಜ ಇಟ್ಟುಕೊಳ್ಳಬೇಕು ಅನ್ನುವವರಿಗೆ ಅದೇ ಸಂಸ್ಥೆಯ ಅರ್ಕಾ ವಿಕಾಸ್, ಅರ್ಕಾ ಆಭಾ, ಅರ್ಕಾ ಆಲೋಕ್ ಇವೆ, ಹೈಬ್ರಿಡ್ ಅಲ್ಲ. ಕೊನೆಯ ಎರಡು ಮತ್ತು ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ, ಅನಘ ಸೊರಗು ರೋಗ ತಡೆಯುವಂಥವು, ಹಾಗಾಗಿ ನಮ್ಮ ಕೆಂಪು ಹುಳಿ ಮಣ್ಣಿಗೆ ಒಳ್ಳೆಯದು.

ಸೊರಗು ರೋಗ ಅಂದಾಗ ನೆನಪಾಯಿತು. ದಯವಿಟ್ಟು ಮಣ್ಣಿನ ಸಮೇತ ಸಸಿ ಕೊಟ್ಟು ತೆಗೆದುಕೊಳ್ಳಬೇಡಿ. ನಿನ್ನೆ ಹಸಿರಾಗಿದ್ದ ಗಿಡ ಎಲೆ ಹಳದಿಯೂ ಆಗದೆ ಇವತ್ತು ಜೋತು ಬಿದ್ದರೆ, ಬುಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಡಿ. ಕತ್ತರಿಸಿದ ಜಾಗದಿಂದ ಹಾಲಿನ ಎಳೆಯ ಹಾಗೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಆ ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ.

ಈಗ ಬೀಜ ತೆಗೆಯುವ ವಿಷಯ. ಹಣ್ಣು ಹಿಂಡಿ ಬೀಜವನ್ನು ಲೋಳೆ ಸಮೇತ ಲೋಟದಲ್ಲಿ ಹಾಕಿ ಎರಡು ಮೂರು ದಿನ ಬಿಡಬೇಕು. ನಮ್ಮ ಸೆಕೆಗೆ ಎರಡೇ ದಿನ ಸಾಕು. ಮೇಲೆ ಬಿಳಿ ಕೆನೆ ಕಟ್ಟಿ ವಾಸನೆ ಬಂದ ಮೇಲೆ ತೊಳೆದರೆ ಗಟ್ಟಿ ಬೀಜ ಅಡಿಗೆ ಕೂರುತ್ತದೆ, ಜೊಳ್ಳು ತೇಲುತ್ತದೆ. ಲೋಳೆ ಹೋದರೆ ಮೊಳಕೆ ಸಲೀಸು. ಆದರೆ ಇಷ್ಟರಿಂದ ವೈರಸ್ ಪೂರ್ತಿ ಹೋಗುವುದಿಲ್ಲ, ಈ ತಪ್ಪು ಕಲ್ಪನೆ ನನಗೂ ಇತ್ತು. ಅದಕ್ಕೆ ಟ್ರೈಸೋಡಿಯಂ ಫಾಸ್ಫೇಟ್ ಅನ್ನುವ ರಾಸಾಯನಿಕ 10 ಗ್ರಾಂ, 100 ಮಿ.ಲೀ. ನೀರಿನಲ್ಲಿ ಕರಗಿಸಿ, ಬೀಜ 15 ನಿಮಿಷ ನೆನೆಸಿ, ಆಮೇಲೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಕೈಗೆ ಗ್ಲೌಸ್ ಬೇಕು. ಇದರಿಂದ ಸಿಪ್ಪೆಯ ಮೇಲಿನದ್ದು ಹೋಗುತ್ತದೆ, ಒಳಗೆ ಸೇರಿದ್ದು ಹೋಗುವುದಿಲ್ಲ. ಅದಕ್ಕೇ ರೋಗದ ಗಿಡದ ಬೀಜವನ್ನು ಔಷಧಿ ಮಾಡಿ ಹಂಚುವ ಧೈರ್ಯ ನಾನಂತೂ ಮಾಡಲಿಲ್ಲ.

ಕೈ ತೊಳೆಯುವುದು ಎಲ್ಲಕ್ಕಿಂತ ಮುಖ್ಯ. ಸೋಪು ಹಾಕಿ, ಉಗುರಿನ ಒಳಗೂ. ನಮ್ಮ ಕಡೆ ಬೀಡಿ ಕಟ್ಟುವ ಮನೆಗಳು ತುಂಬಾ ಇವೆ. ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಇದರ ಹತ್ತಿರದ ನೆಂಟ, ಅದು ಒಣ ಸೊಪ್ಪಿನಲ್ಲೂ ಇರಬಹುದು. ಸೊಪ್ಪು ಮುಟ್ಟಿದ ಕೈಯಲ್ಲಿ ನೇರ ಟೊಮೆಟೊ ಗಿಡಕ್ಕೆ ಹೋಗಬೇಡಿ.

ಬ್ಯಾಗಿನ ಮಣ್ಣನ್ನು ಬೇರು ಆರಿಸಿ ತೆಗೆದು ಸುಡುಮಣ್ಣು ಮಾಡಿದೆ, ತರಗೆಲೆ, ತೆಂಗಿನ ಸಿಪ್ಪೆ, ಸೆಗಣಿ ಹಾಕಿ ಮೇಲೆ ಮಣ್ಣು ಮುಚ್ಚಿ. ಎರಡು ದಿನ ಹೊಗೆಯಾಡಿತು. ಈ ವರ್ಷ ಆ ಬ್ಯಾಗುಗಳಲ್ಲಿ ಅಲಸಂಡೆ, ಬೆಂಡೆ ಮಾತ್ರ.

ಫೆಬ್ರವರಿಯಲ್ಲಿ ನಾನು ಬೀಜ ಕೊಟ್ಟ 9 ಜನಕ್ಕೂ ಒಬ್ಬೊಬ್ಬರಿಗೆ ಫೋನ್ ಮಾಡಿದೆ. ಇಬ್ಬರ ಮನೆಯಲ್ಲಿ ಬೂಸ್ಟು ಬಂದು ಹೋಗಿತ್ತು. ಅದು ನನ್ನದೇ ತಪ್ಪು, ಸರಿಯಾಗಿ ಒಣಗದ ಬೀಜವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟಿದ್ದೆ. ನಮ್ಮ ಹವೆಯಲ್ಲಿ ಬೀಜ ಒಣಗಿದ ಹಾಗೆ ಕಾಣುತ್ತದೆ, ಒಣಗಿರುವುದಿಲ್ಲ. ಬೀಜ ಬಗ್ಗಿಸಿದರೆ ಬಾಗಬಾರದು, ಪಟಕ್ಕನೆ ಮುರಿಯಬೇಕು. ಕುಚ್ಚಲಕ್ಕಿ ಹುರಿದು, ಪೂರ್ತಿ ತಣಿದ ಮೇಲೆ ಡಬ್ಬದ ಅಡಿಗೆ ಹಾಕಿ, ಮೇಲೆ ಕಾಗದದ ಪೊಟ್ಟಣದಲ್ಲಿ ಬೀಜ ಇಟ್ಟರೆ ತೇವ ಅಕ್ಕಿ ಎಳೆದುಕೊಳ್ಳುತ್ತದೆ. ನಾಲ್ಕು ಜನ ಆ ಅಕ್ಕನ ಬೀಜವನ್ನೂ ಜೊತೆಗೇ ಹಾಕಿದ್ದರು, ಅವರದ್ದೂ ನನ್ನ ಗತಿಯೇ ಆಗಿತ್ತು. ಇಬ್ಬರು ಬಿತ್ತಲೇ ಇಲ್ಲ, ಕವರ್ ಎಲ್ಲಿ ಹೋಯಿತೋ ಗೊತ್ತಿಲ್ಲ ಅಂದರು.

ಒಂಬತ್ತನೆಯವರು ಸುರತ್ಕಲ್ಲಿನ ಒಬ್ಬರು ಟೀಚರ್. ಅವರ ಬಾಲ್ಕನಿಯಲ್ಲಿ ಎರಡೇ ಕುಂಡ, ಎರಡರಲ್ಲೂ ದೊಡ್ಡಮ್ಮನ ಟೊಮೆಟೊ ಮಾತ್ರ. ಹೋಗಿ ನೋಡಿದೆ. ಎಲೆ ತಿರುಗಿಸಿ ತಿರುಗಿಸಿ ನೋಡಿದೆ, ಒಂದು ತೇಪೆ ಇಲ್ಲ. ಗೆರೆ ಗೆರೆಯ ಚಪ್ಪಟೆ ಹಣ್ಣು ತುಂಬಿಕೊಂಡಿತ್ತು. ನನಗೆ ಮಾತೇ ಹೊರಡಲಿಲ್ಲ. ಮಾರ್ಚಿನಲ್ಲಿ ಅವರು ಮದುವೆ ಕಾಗದದ ಕವರಿನಲ್ಲಿ 40 ಬೀಜ ಕಟ್ಟಿ ಕೊಟ್ಟರು. ಮೇಲೆ ಗುಂಡಗಿನ ಅಕ್ಷರದಲ್ಲಿ ಬರೆದಿದ್ದರು: ಊರ ಟೊಮೆಟೊ, ಶಿರ್ವದ್ದು, ಗಿಡಕ್ಕೆ ರೋಗ ಇರಲಿಲ್ಲ, ಎರಡನೇ ಗೊಂಚಲಿನ ಹಣ್ಣು, ತೆಗೆದ ತಾರೀಕು.

20 ಬೀಜ ಹುರಿದ ಅಕ್ಕಿಯ ಡಬ್ಬದಲ್ಲಿ ಹಾಗೇ ಇದೆ. ಉಳಿದ 20 ಈ ವಾರ ಬಾವಿಕಟ್ಟೆ ಪಕ್ಕದಲ್ಲಿ ಬೇರೆಯಾಗಿ ಬಿತ್ತಿದೆ, 17 ಮೊಳಕೆ ಬಂದಿದೆ. ಬೇಕಾದವರು ಜನವರಿಯಲ್ಲಿ ಮನೆಗೆ ಬನ್ನಿ. ಮೊದಲು ಗಿಡ ನೋಡಿ, ಎಲೆ ತಿರುಗಿಸಿ ನೋಡಿ, ಎಷ್ಟು ಬೇಕಾದರೂ ಪ್ರಶ್ನೆ ಕೇಳಿ. ಬೀಜ ಆಮೇಲೆ ಕೊಡುತ್ತೇನೆ.