ಸ್ವಿಚ್ 2 – ಮಾರಿಯೋ ಕಾರ್ಟ್ ಬಂಡಲ್: ಆ ಮೂವತ್ತು ಡಾಲರ್ ಉಳಿತಾಯ ಯಾರಿಗೆ?

ಮೊದಲು ಲೆಕ್ಕ. ಕೈಯಲ್ಲಿ ಹಿಡಿದೋ ಟಿವಿಗೆ ಹಾಕಿಯೋ ಆಡುವ ವಿಡಿಯೋ ಗೇಮ್ ಕನ್ಸೋಲ್ ನಿಂಟೆಂಡೋ ಸ್ವಿಚ್ 2 ಅಮೆರಿಕದಲ್ಲಿ 2025ರ ಜೂನ್ 5ರಂದು ಮಾರಾಟಕ್ಕೆ ಬಂತು. ಆಗ ಬರೀ ಕನ್ಸೋಲ್‌ಗೆ 449.99 ಡಾಲರ್, ‘ಮಾರಿಯೋ ಕಾರ್ಟ್ ವರ್ಲ್ಡ್’ ಅನ್ನುವ ರೇಸಿಂಗ್ ಆಟವನ್ನೂ ಸೇರಿಸಿ ಒಟ್ಟಿಗೆ ಮಾರುವ ಬಂಡಲ್‌ಗೆ 499.99. ಅದೇ ಆಟವನ್ನು ಬಿಡಿಯಾಗಿ ಕೊಂಡರೆ 79.99 ಇತ್ತು. ಅಲ್ಲಿಗೆ ಬಂಡಲ್‌ನಲ್ಲಿ ಉಳಿಯುವುದು 30 ಡಾಲರ್. ನಾವಿರುವ ಡಲ್ಲಾಸ್ ಕಡೆಯ 8.25% ಸೇಲ್ಸ್ ಟ್ಯಾಕ್ಸನ್ನೂ ಹಿಡಿದರೆ ಮೂವತ್ತೆರಡೂವರೆ. ಕೌಂಟರಿನಲ್ಲಿ ನಿಂತಾಗ ಇದಕ್ಕಿಂತ ಹೆಚ್ಚು ಯೋಚಿಸುವ ವ್ಯವಧಾನ ಯಾರಿಗೂ ಇರುವುದಿಲ್ಲ, ನಮಗೂ ಇರಲಿಲ್ಲ. ಬಂಡಲ್ಲೇ ತಂದೆವು. ಇಷ್ಟು ತಿಂಗಳು ಇಬ್ಬರು ಮಕ್ಕಳು, ಅವರಪ್ಪ, ನಾನು ಎಲ್ಲರೂ ಆಡಿದ್ದೇವೆ. ಈಗ ಮೈಸೂರಿನಿಂದ ತಮ್ಮ, “ಬರುವಾಗ ಒಂದು ತಗೊಂಡ್ ಬಾರೇ ಅಕ್ಕಾ, ಬಂಡಲ್ಲೇ ತಾ” ಅಂತ ಜೀವ ತಿನ್ನುತ್ತಿದ್ದಾನೆ. ಅವನಿಗೆ ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಬಂಡಲ್‌ನಲ್ಲಿ ಆಟ ಕಾರ್ಟ್‌ರಿಜ್ (ಕನ್ಸೋಲ್‌ಗೆ ಸಿಕ್ಕಿಸುವ ಪುಟ್ಟ ಕಾರ್ಡ್) ರೂಪದಲ್ಲಿ ಬರುವುದಿಲ್ಲ, ಡೌನ್‌ಲೋಡ್ ಕೋಡ್ ಆಗಿ ಬರುತ್ತದೆ. ಆ ಕೋಡನ್ನು ಯಾರ ನಿಂಟೆಂಡೋ ಅಕೌಂಟಿಗೆ ಹಾಕುತ್ತೀರೋ ಆಟ ಅವರದ್ದು. ಬೇಜಾರಾದ ಮೇಲೆ ಮಾರುವ ಹಾಗಿಲ್ಲ, ಪಕ್ಕದ ಮನೆ ಹುಡುಗನಿಗೆ ವಾರದ ಮಟ್ಟಿಗೆ ಕೊಡುವ ಹಾಗಿಲ್ಲ. ಕಾರ್ಟ್‌ರಿಜ್ ಆದರೆ ಇವೆರಡೂ ಆಗುತ್ತವೆ. ನಿಂಟೆಂಡೋದ ಸ್ವಂತ ಆಟಗಳು ಹಳೆಯದಾದರೂ ಬೆಲೆ ಬೇಗ ಇಳಿಯುವುದಿಲ್ಲ, ಸೆಕೆಂಡ್ ಹ್ಯಾಂಡ್‌ನಲ್ಲೂ ಒಳ್ಳೆಯ ದುಡ್ಡೇ ಸಿಗುತ್ತದೆ. ಒಂದು ಆಟ ಮುಗಿಸಿ ಮಾರಿ ಇನ್ನೊಂದು ಕೊಳ್ಳುವ ಅಭ್ಯಾಸದವರು ಬಂಡಲ್‌ನಲ್ಲಿ 30 ಡಾಲರ್ ಉಳಿಸಿ, ಮರುಮಾರಾಟದಲ್ಲಿ ಅದಕ್ಕಿಂತ ಹೆಚ್ಚು ಬಿಟ್ಟುಕೊಟ್ಟಂತೆ.

‘ವರ್ಚುವಲ್ ಗೇಮ್ ಕಾರ್ಡ್’ ಅಂತ ಒಂದು ವ್ಯವಸ್ಥೆ 2025ರ ಏಪ್ರಿಲ್ ಕೊನೆಯಲ್ಲಿ ಬಂದಿದೆ. ಡಿಜಿಟಲ್ ಆಟವನ್ನೂ ನಿಂಟೆಂಡೋ ಅಕೌಂಟಿನಲ್ಲಿ ನೀವು ಮಾಡಿಕೊಂಡ ಫ್ಯಾಮಿಲಿ ಗುಂಪಿನ ಇನ್ನೊಬ್ಬರಿಗೆ 14 ದಿನ ಸಾಲ ಕೊಡಬಹುದು. ಕೊಡುವಾಗ ಎರಡೂ ಕನ್ಸೋಲ್‌ಗಳು ಒಂದೇ ಕಡೆ ಇರಬೇಕು. ಕೊಟ್ಟಷ್ಟು ದಿನ ನೀವು ಆಡುವ ಹಾಗಿಲ್ಲ, ಗಡುವು ಮುಗಿದೊಡನೆ ತಾನಾಗಿಯೇ ವಾಪಸ್ ಬರುತ್ತದೆ. ಕೊಟ್ಟ ಪುಸ್ತಕ ತಿರುಗಿ ಬರದ ನಮ್ಮಂಥವರಿಗೆ ಆ ಕೊನೆಯ ಭಾಗ ಬಹಳ ಹಿಡಿಸಿತು. ಆದರೆ ಮನೆಯಲ್ಲಿ ಒಂದೇ ಸ್ವಿಚ್ 2 ಇದ್ದರೆ ಇದರ ಅಗತ್ಯವೇ ಬೀಳುವುದಿಲ್ಲ. ಆ ಕನ್ಸೋಲ್‌ನಲ್ಲಿ ಇರುವ ಆಟವನ್ನು ಮನೆಮಂದಿಯೆಲ್ಲ ತಂತಮ್ಮ ಪ್ರೊಫೈಲ್‌ನಲ್ಲಿ ಆಡಬಹುದು. ನಮ್ಮಲ್ಲಿ ನಡೆಯುತ್ತಿರುವುದು ಹಾಗೆಯೇ.

ಹಾಗಾಗಿ ಬಂಡಲ್ ಲಾಭವೋ ಅಲ್ಲವೋ ಅನ್ನುವುದು ಆಟದ ಮೇಲೆ ನಿಂತಿದೆ: ಇದು ಮುಗಿಯುವ ಆಟವೋ, ಮುಗಿಯದ ಆಟವೋ?

ಮಾರಿಯೋ ಕಾರ್ಟ್ ಮುಗಿಯದ ಆಟ. 24 ಗಾಡಿಗಳ ರೇಸ್. ‘ನಾಕೌಟ್ ಟೂರ್’ನಲ್ಲಿ ಒಂದೊಂದು ಚೆಕ್‌ಪಾಯಿಂಟಿಗೂ ಹಿಂದುಳಿದ ನಾಲ್ವರು ಹೊರಕ್ಕೆ ಬೀಳುತ್ತಾರೆ, ಕೊನೆಗೆ ನಾಲ್ವರೇ ಉಳಿಯುತ್ತಾರೆ. ಇಪ್ಪತ್ತನೇ ಸ್ಥಾನಕ್ಕೂ ಇಪ್ಪತ್ತೊಂದನೇ ಸ್ಥಾನಕ್ಕೂ ಮಧ್ಯೆ ಇಷ್ಟೊಂದು ಎದೆಬಡಿತ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಹಳೆಯ ಆವೃತ್ತಿಯ ಅಭಿಮಾನಿಗಳ ಒಂದು ತಕರಾರು ನಿಜ: ಒಂದೇ ಟ್ರ್ಯಾಕನ್ನು ಮೂರು ಸುತ್ತು ಹಾಕುವುದು ಕಡಿಮೆಯಾಗಿ, ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಹೋಗುವ ಅಗಲ ರಸ್ತೆಗಳಲ್ಲೇ ರೇಸಿನ ಬಹುಭಾಗ ಕಳೆದುಹೋಗುತ್ತದೆ. ಅವರಪ್ಪ ಈ ಪಕ್ಷ. ಮಕ್ಕಳಿಗೆ ಅದರ ಪರಿವೆಯೇ ಇಲ್ಲ. ಈ ಸಲ ಹಸುವನ್ನೇ ಡ್ರೈವರ್ ಮಾಡಿಕೊಳ್ಳಬಹುದು, ಚಿಕ್ಕವಳಿಗೆ ಅಷ್ಟು ಸಾಕು. ಬೈಕ್ ಮೇಲೆ ಗಂಭೀರ ಮುಖ ಹೊತ್ತು ಕೂತ ಆ ಹಸು ತಿರುವಿನಲ್ಲಿ ವಾಲುವುದನ್ನು ನೋಡಲೆಂದೇ ನಾನೂ ಒಲೆ ಸಣ್ಣ ಮಾಡಿ ಬಂದು ನಿಲ್ಲುವುದುಂಟು.

ದೀಪಾವಳಿಗೆ ನಾಲ್ಕು ಮನೆಯವರು ಸೇರಿದಾಗ ಈ ಆಟದ ಬೆಲೆ ವಸೂಲಾಯಿತು ಅನಿಸಿತು. ಟಿವಿಯನ್ನು ನಾಲ್ಕು ಭಾಗ ಮಾಡಿಕೊಂಡು ನಾಲ್ವರು ಆಡಬಹುದು. ಸೋತವರು ಎದ್ದು ಇನ್ನೊಬ್ಬರಿಗೆ ಕೊಡಬೇಕು ಅನ್ನುವ ನಿಯಮವನ್ನು ಮಕ್ಕಳೇ ಮಾಡಿಕೊಂಡರು, ದೊಡ್ಡವರು ಅದನ್ನು ಮುರಿದರು. ಆದರೆ ಬಂಡಲ್ ಡಬ್ಬಿಯಲ್ಲಿ ಇರುವುದು ಒಂದು ಜೊತೆ ಜಾಯ್-ಕಾನ್ 2 (ಕನ್ಸೋಲ್‌ನ ಎರಡೂ ಬದಿಗೆ ಅಂಟುವ, ಬಿಡಿಸಬಹುದಾದ ಪುಟ್ಟ ಕಂಟ್ರೋಲರ್‌ಗಳು), ಒಂದೊಂದನ್ನು ಅಡ್ಡ ಹಿಡಿದರೆ ಇಬ್ಬರಿಗಾಗುತ್ತದೆ. ನಾಲ್ವರಿಗೆ ಇನ್ನೊಂದು ಜೊತೆ ಬೇಕು, ಬಿಡುಗಡೆಯ ಹೊತ್ತಿಗೆ ಅದಕ್ಕೆ 94.99 ಡಾಲರ್ ಇತ್ತು! ಉಳಿಸಿದ ಮೂವತ್ತರ ಮೂರರಷ್ಟು. ಮನೆಯಲ್ಲಿ ಹಳೆಯ ಸ್ವಿಚ್ ಇದ್ದರೆ ದಯವಿಟ್ಟು ಅದರ ಜಾಯ್-ಕಾನ್‌ಗಳನ್ನು ಮಾರಬೇಡಿ. ಅವು ಹೊಸದಕ್ಕೆ ಅಂಟಿಕೊಳ್ಳುವುದಿಲ್ಲ, ಆದರೆ ವೈರ್‌ಲೆಸ್ ಆಗಿ ಕೆಲಸ ಮಾಡುತ್ತವೆ. ಚಾರ್ಜ್ ಮಾಡಲು ಮಾತ್ರ ಹಳೆಯ ಕನ್ಸೋಲೋ ಚಾರ್ಜಿಂಗ್ ಗ್ರಿಪ್ಪೋ ಬೇಕು. ನಮ್ಮ ದೀಪಾವಳಿ ನಡೆದದ್ದು ಹಳೆಯ ಜೊತೆಯ ಪುಣ್ಯದಿಂದ. ಅಡ್ಡ ಹಿಡಿದ ಜಾಯ್-ಕಾನ್ ಮಕ್ಕಳ ಕೈಗೆ ಸರಿ, ದೊಡ್ಡವರ ಹೆಬ್ಬೆರಳು ಅರ್ಧ ಗಂಟೆಗೇ ಮುಷ್ಕರ ಹೂಡುತ್ತದೆ. ಎರಡೂ ಕೈಯಲ್ಲಿ ಹಿಡಿಯುವ ದೊಡ್ಡ ಪ್ರೋ ಕಂಟ್ರೋಲರ್‌ಗೆ ಬಿಡುಗಡೆಯ ಹೊತ್ತಿಗೆ 84.99 ಇತ್ತು, ಅದನ್ನು ಆಮೇಲೆ ಕೊಂಡೆವು.

ಬಂಡಲ್ ಕೊಂಡವರಿಗೆ ಕೈ ಕಚ್ಚುವುದು ಹೀಗೆ, ಆಮೇಲೆ. ಇಂಟರ್ನೆಟ್‌ನಲ್ಲಿ ಬೇರೆಯವರೊಡನೆ ಆಡಲು ಬೇಕಾದ ಆನ್‌ಲೈನ್ ಸದಸ್ಯತ್ವ ಇದರಲ್ಲಿ ಸೇರಿಲ್ಲ. ಹಳೆಯ ಸ್ವಿಚ್‌ನ ಬಂಡಲ್‌ನಲ್ಲಿ ಮೂರು ತಿಂಗಳದ್ದು ಕೊಡುತ್ತಿದ್ದರು. ಒಬ್ಬರಿಗೆ ವರ್ಷಕ್ಕೆ 19.99, ಎಂಟು ಜನರ ತನಕ ಸೇರಿಸಬಹುದಾದ ಫ್ಯಾಮಿಲಿ ಪ್ಲಾನ್‌ಗೆ 34.99. ನಂಬಿಕಸ್ತ ಸ್ನೇಹಿತರೊಡನೆ ಹಂಚಿಕೊಂಡರೆ ತಲೆಗೆ ಒಂದು ಕಾಫಿ ದುಡ್ಡು. ಮೆಮೊರಿ ಕಾರ್ಡ್ ವಿಷಯದಲ್ಲಿ ಹುಷಾರು. ಒಳಗೆ 256 ಜಿಬಿ ಇದೆ, ಮೊದಲ ವರ್ಷಕ್ಕೆ ಸಾಕು. ಬೇಕೆನಿಸಿದರೆ ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಆಗಬೇಕು, ಡ್ರಾಯರ್‌ನಲ್ಲಿ ಬಿದ್ದಿರುವ ಸಾದಾ ಕಾರ್ಡಿನಲ್ಲಿ ಆಟ ಹಾಕಲು ಬರುವುದಿಲ್ಲ. ಆಡುವಾಗ ಮುಖ ತೋರಿಸುವ ಬಿಡಿ ಕ್ಯಾಮೆರಾಕ್ಕೆ ಬಿಡುಗಡೆಯ ಹೊತ್ತಿಗೆ 54.99 ಇತ್ತು, ಬಿಟ್ಟುಬಿಡಿ. ಊರಿನ ಅಜ್ಜಿಗೆ ಮುಖ ತೋರಿಸಲು ವಾಟ್ಸಾಪ್ ಇದೆ.

ಇನ್ನು ಅಂಗಡಿಗಳು ತಾವೇ ಕಟ್ಟಿಕೊಡುವ ‘ಮೆಗಾ ಬಂಡಲ್’ಗಳು. ಸ್ನೇಹಿತೆಯೊಬ್ಬಳು ಆನ್‌ಲೈನ್‌ನಲ್ಲಿ ಒಂದು ತರಿಸಿದ್ದಳು. ಕೇಸ್, ಸ್ಕ್ರೀನ್ ಗಾರ್ಡ್, ಪ್ಲಾಸ್ಟಿಕ್ ಸ್ಟಿಯರಿಂಗ್, ಹೆಬ್ಬೆರಳಿಗೆ ರಬ್ಬರ್ ಟೋಪಿ ಅಂತ ಸಂತೆ ಸಾಮಾನು. ಕೇಸ್ ಹಳೆಯ ಸ್ವಿಚ್‌ನ ಅಳತೆಯದ್ದು, ಹೊಸ ಕನ್ಸೋಲ್ ಅದರೊಳಗೆ ಹೋಗಲೇ ಇಲ್ಲ. ಇಂಥದ್ದರ ಹತ್ತಿರವೂ ಸುಳಿಯಬೇಡಿ.

ಕನ್ಸೋಲ್ ಬಗ್ಗೆ ಎರಡು ಮಾತು. ಪರದೆ 7.9 ಇಂಚು, 1080ಪಿ, 120 ಹರ್ಟ್ಸ್, ಆದರೆ ಎಲ್‌ಸಿಡಿ. 2021ರ ಓಎಲ್‌ಇಡಿ ಸ್ವಿಚ್ ಬಳಸಿ ಬಂದವರಿಗೆ ರಾತ್ರಿಯ ದೃಶ್ಯಗಳಲ್ಲಿ ಕಪ್ಪು ಕಪ್ಪಾಗಿರದೆ ಬೂದಿ ಬಳಿದಂತೆ ಕಾಣುತ್ತದೆ. ಟಿವಿಗೆ ಹಾಕಿದರೆ ಆ ಮಾತೇ ಇಲ್ಲ, ಟಿವಿಗೆ ಜೋಡಿಸುವ ಡಾಕ್‌ನಲ್ಲಿ 4ಕೆ ವರೆಗೂ ಹೋಗುತ್ತದೆ. ಬ್ಯಾಟರಿ ಕಂಪನಿಯ ಲೆಕ್ಕದಲ್ಲೇ 2ರಿಂದ 6.5 ಗಂಟೆ, ಅದು ಆಟವನ್ನು ಅವಲಂಬಿಸಿದ್ದು. ವಿಮಾನದಲ್ಲಿ ಆಡುವ ಆಸೆ ಇದ್ದರೆ ಪವರ್ ಬ್ಯಾಂಕ್ ಇರಲಿ. ಮೇಲ್ಭಾಗದಲ್ಲೂ ಒಂದು ಯುಎಸ್‌ಬಿ-ಸಿ ಕಿಂಡಿ ಕೊಟ್ಟಿರುವುದರಿಂದ ಸ್ಟ್ಯಾಂಡ್ ಮೇಲೆ ನಿಲ್ಲಿಸಿಯೇ ಚಾರ್ಜ್ ಮಾಡಬಹುದು, ಇದು ಯಾರೂ ಹೊಗಳದ ಒಳ್ಳೆಯ ಬದಲಾವಣೆ. ಸೆಟ್ಟಿಂಗ್ಸ್‌ನಲ್ಲಿ ಚಾರ್ಜನ್ನು ಸುಮಾರು 90%ಕ್ಕೆ ನಿಲ್ಲಿಸುವ ಆಯ್ಕೆ ಇದೆ. ಸದಾ ಡಾಕ್‌ನಲ್ಲೇ ಇರುವ ಮನೆಗಳವರು ಮೊದಲ ದಿನವೇ ಅದನ್ನು ಹಾಕಿಕೊಳ್ಳಿ. ಜಾಯ್-ಕಾನ್ ಸೇರಿ ತೂಕ ಅರ್ಧ ಕೆಜಿಗಿಂತ ಮೇಲೆ, ಮಲಗಿಕೊಂಡು ಆಡುವವರು ಮೂಗು ಜೋಪಾನ.

ಮಾರಿಯೋ ಕಾರ್ಟ್ ಬಂಡಲ್ಲನ್ನು ಮೊದಲಿನಿಂದಲೂ ಸೀಮಿತ ಅವಧಿಯದ್ದು ಎಂದೇ ಮಾರಿದ್ದು. ಆಮೇಲೆ 2025ರ ಅಕ್ಟೋಬರ್‌ನಲ್ಲಿ ‘ಪೋಕೆಮಾನ್ ಲೆಜೆಂಡ್ಸ್: ಝಡ್-ಎ’ ಸೇರಿದ ಬಂಡಲ್ ಅದೇ 499.99ಕ್ಕೆ ಬಂತು. ಅದರೊಳಗಿನ ಆಟದ ಬಿಡಿ ಬೆಲೆ 69.99, ಆದ್ದರಿಂದ ಉಳಿತಾಯ 20 ಡಾಲರ್ ಮಾತ್ರ. ಮೇಲಾಗಿ ಅದು ಮುಖ್ಯವಾಗಿ ಒಬ್ಬರೇ ಕೂತು ಕಥೆ ಮುಗಿಸುವ ಆಟ. ಅಂಥ ಆಟ ಮಾರಲಾಗದ ಕೋಡ್ ರೂಪದಲ್ಲಿ ಬಂದರೆ ನಾನಂತೂ ಕೊಳ್ಳುವುದಿಲ್ಲ. ಮುಂದೆ ಯಾವ ಬಂಡಲ್ ಬಂದರೂ ಇವೆರಡನ್ನು ನೋಡಿ: ಬಿಡಿ ಬೆಲೆಗೂ ಬಂಡಲ್ ಬೆಲೆಗೂ ಇರುವ ವ್ಯತ್ಯಾಸ, ಮತ್ತು ಆ ಆಟ ಆರು ತಿಂಗಳ ಮೇಲೂ ಮನೆಯಲ್ಲಿ ಓಡುತ್ತದೆಯೇ ಎಂಬುದು.

ಊರಿಗೆ ಒಯ್ಯುವವರಿಗೆ. ಭಾರತದಲ್ಲಿ ನಿಂಟೆಂಡೋ ಅಧಿಕೃತವಾಗಿ ಮಾರುವುದಿಲ್ಲ, ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವುದು ಹೊರಗಿನಿಂದ ತರಿಸಿದ್ದು. ಕೆಟ್ಟರೆ ಅಲ್ಲಿ ವಾರಂಟಿ ಕೇಳಲು ಯಾರೂ ಇಲ್ಲ. ಅಮೆರಿಕದ ಅಡಾಪ್ಟರ್ ನಮ್ಮ 230 ವೋಲ್ಟಿಗೆ ತಡೆಯುತ್ತದೆ, ಪಿನ್ ಬದಲಿಸುವ ಸಣ್ಣ ಪ್ಲಗ್ ಸಾಕು. ಜಪಾನಿನಲ್ಲಿರುವವರಿಗೆ ವಿಶೇಷ ಎಚ್ಚರಿಕೆ: ಅಲ್ಲಿ 2025ರಲ್ಲಿ 49,980 ಯೆನ್‌ಗೆ ಬಂದ ಅಗ್ಗದ ಮಾದರಿ ಜಪಾನೀ ಭಾಷೆಗೆ, ಜಪಾನಿನ ಅಕೌಂಟಿಗೆ ಮಾತ್ರ. ಊರಿಗೆ ತಂದರೆ ಪಶ್ಚಾತ್ತಾಪ ಖಂಡಿತ, ಹಲವು ಭಾಷೆಗಳ ಮಾದರಿಗೆ ಆಗ 69,980 ಯೆನ್ ಇತ್ತು.

ತಮ್ಮ ಒಬ್ಬನೇ ಆಡುವವನು, ಮುಗಿದದ್ದನ್ನು ಮರುವಾರವೇ ಸ್ನೇಹಿತರ ಗುಂಪಿನಲ್ಲಿ ಮಾರಿ ಇನ್ನೊಂದು ತರುವವನು. ಅವನಿಗೆ ಬರೀ ಕನ್ಸೋಲ್ ಒಯ್ಯುತ್ತಿದ್ದೇನೆ, ಜೊತೆಗೆ ‘ಡಾಂಕಿ ಕಾಂಗ್ ಬನಾನ್ಝಾ’ ಆಟದ ಕಾರ್ಟ್‌ರಿಜ್. ಸಿಟ್ಟು ಮಾಡಿಕೊಂಡಿದ್ದಾನೆ, ಬಂಡಲ್ ಬೇಕಿತ್ತಂತೆ.